ಹುಲ್ಲು ಕತ್ತರಿಸುವ ಮಿಷನ್ನಿಗೆ ಪೂಜೆ

ಗುರುವಾರ ಸಂಜೆ ಆಸ್ಪತ್ರೆಯಲ್ಲಿ ಭುಜದ ವ್ಯಾಯಾಮ ಮುಗಿಸಿಕೊಂಡು ಮನೆಗೆ ಬಂದ ಸುಕನ್ಯಳ ಕಣ್ಣಿಗೆ ಬಿದ್ದದ್ದು ಅಂಗಳದ ನಡುವೆ ಸೇವಂತಿಗೆ ಹಾರ ಹಾಕಿಕೊಂಡು ನಿಂತಿದ್ದ ಒಂದು ಕೆಂಪು ಮಿಷನ್ನು. ಎಂಜಿನ್ನಿನ ಮೇಲೆ ವಿಭೂತಿ, ಕುಂಕುಮ. ನಾಲ್ಕು ಚಕ್ರದ ಕೆಳಗೂ ಅಪ್ಪಚ್ಚಿಯಾದ ನಿಂಬೆಹಣ್ಣು. ಪಕ್ಕದಲ್ಲಿ ಗಂಡ ಪ್ರೇಮ್‌ಕುಮಾರ್ ಪೂಜೆಗೆ ಒಡೆದ ತೆಂಗಿನಕಾಯಿಯ ಚೂರು ಅಗಿಯುತ್ತಾ, ಏನೋ ಮಹಾ ಕಾರ್ಯ ಮುಗಿಸಿದವನ ಹಾಗೆ ನಿಂತಿದ್ದ. ನೋಡು, ನಿನ್ನ ಮಿಷನ್ ಬಂತು ಅಂದ.

ನಿನ್ನ ಮಿಷನ್ನಂತೆ! ಸುಕನ್ಯಳ ಮೈಯೆಲ್ಲ ಉರಿದುಹೋಯಿತು. ಶನಿವಾರ ಇಬ್ಬರೂ ಜೊತೆಯಾಗಿ ಹೋಗಿ ತರೋಣ ಅಂತ ಮಾತಾಗಿತ್ತು. ಯಾವ ಅಂಗಡಿ, ಯಾವ ಮಿಷನ್, ಎಷ್ಟು ತೂಕ ಎಲ್ಲವನ್ನೂ ಅವಳು ವಿಚಾರಿಸಿ ಅವನಿಗೆ ಹೇಳಿಯೂ ಇಟ್ಟಿದ್ದಳು. ಅವಳು ಆಸ್ಪತ್ರೆಗೆ ಹೋಗುವ ದಿನವನ್ನೇ ನೋಡಿಕೊಂಡು ಈ ಮಹಾನುಭಾವ ಒಬ್ಬನೇ ಹೋಗಿ, ಅರ್ಧ ಎಕರೆ ಮೈದಾನಕ್ಕೆ ಆಗುವಂಥ ಪೆಟ್ರೋಲ್ ಮಿಷನ್ ತಂದು, ಅವಳು ಗೇಟು ದಾಟುವ ಮೊದಲೇ ಪೂಜೆಯನ್ನೂ ಮುಗಿಸಿಬಿಟ್ಟಿದ್ದ.

ಈ ಅಂಗಳದ ವಿಷಯ ಹೇಳಲೇಬೇಕು. ದೊಮ್ಮಲೂರಿನ ಹಳೇ ಊರೊಳಗೆ ಪ್ರೇಮ್‌ಕುಮಾರನ ಮನೆತನಕ್ಕೆ ಒಂದು ಕಾಲಕ್ಕೆ ರಾಗಿ ಹೊಲವಿತ್ತು, ತರಕಾರಿ ತೋಟವಿತ್ತು. ಬಡಾವಣೆಗೆ ಒಂದಷ್ಟು ಹೋಯಿತು, ರಸ್ತೆಗೆ ಒಂದಷ್ಟು ಹೋಯಿತು. ಈಗ ಉಳಿದಿರುವುದು ಮೂರಂತಸ್ತಿನ ಮನೆ, ಅದರ ಮುಂದೆ ಮೂವತ್ತಡಿಗೆ ಇಪ್ಪತ್ತೈದಡಿ ಹುಲ್ಲು. ಮೇಲಿನ ಎರಡು ಅಂತಸ್ತು ಪಿಜಿ ಹುಡುಗರಿಗೆ ಕೊಟ್ಟಿದ್ದಾರೆ. ಅವರ ಬೈಕು ನಿಲ್ಲಿಸಲು ಹುಲ್ಲು ಕಿತ್ತು ಇಂಟರ್‌ಲಾಕ್ ಕಲ್ಲು ಹಾಸಿಸಬೇಕೆಂದು ಪ್ರೇಮ್‌ಕುಮಾರ್ ಎರಡು ವರ್ಷದಿಂದ ಜಪ ಮಾಡುತ್ತಿದ್ದ. ಸುಕನ್ಯ ಬಿಟ್ಟಿರಲಿಲ್ಲ. ಅವಳ ತವರು ಮಹದೇವಪುರ. ಅಲ್ಲಿ ಅಕ್ಕಪಕ್ಕದವರೆಲ್ಲ ಒಂದಿಂಚು ಮಣ್ಣೂ ಕಾಣದ ಹಾಗೆ ಕಲ್ಲು, ಸಿಮೆಂಟು ಹಾಕಿಸಿಕೊಂಡ ಮೇಲೆ ಮಳೆ ನೀರು ಹುಡುಕಿಕೊಂಡು ಬಂದದ್ದು ಅವಳ ತಾಯಿಯ ಅಡುಗೆಮನೆಗೆ. ಅಕ್ಕಿ ಡಬ್ಬ ತೇಲುವುದನ್ನು ಕಣ್ಣಾರೆ ಕಂಡವಳಿಗೆ ಕಲ್ಲಿನ ಮಾತೆತ್ತಿದರೆ ಪಿತ್ತ ನೆತ್ತಿಗೇರುತ್ತಿತ್ತು. ಅದೂ ಅಲ್ಲದೆ, ಆ ಹುಲ್ಲು ಅವಳದು. ಹದಿನೆಂಟು ವರ್ಷ ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನಲ್ಲಿ ಕೊಯ್ದು, ಕಳೆ ಕಿತ್ತು ಸಾಕಿದ ಹುಲ್ಲು. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ.

ಈ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ಕೈ ಮೇಲೆತ್ತಿ ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ, ಇನ್ನು ಕುಡುಗೋಲು ಎಲ್ಲಿ ಬೀಸುವುದು? ಹುಲ್ಲು ಗೇಣುದ್ದ ಬೆಳೆಯಿತು. ಪ್ರೇಮ್‌ಕುಮಾರನಿಗೆ ಅಷ್ಟೇ ಸಾಕಾಯಿತು. ಸೊಳ್ಳೆ ಅಂದ, ಹಾವು ಅಂದ, ಪಿಜಿ ಹುಡುಗರು ಬಿಟ್ಟು ಹೋಗ್ತಾರೆ ಅಂದ. ಕೊನೆಗೆ ಒಂದು ಕರಾರಿಗೆ ಬಂದ. ಮಿಷನ್ ತರೋಣ, ಆದರೆ ಅದನ್ನು ಸುಕನ್ಯಳೇ ನಡೆಸಬೇಕು. ಅವಳ ಕೈಯಲ್ಲಿ ಆಗದಿದ್ದರೆ ತುಟಿ ಪಿಟಕ್ಕೆನ್ನದೆ ಕಲ್ಲಿಗೆ ಒಪ್ಪಬೇಕು. ಅವಳು ಆಗಲಿ ಅಂದಿದ್ದಳು.

ಅಂದವಳು ಸುಮ್ಮನೆ ಕೂತಿರಲಿಲ್ಲ. ಹಿಂದಿನ ವಾರ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ತೋಟದ ಸಾಮಾನು ಮಾರುವ ಇನಾಯತ್ ಉಲ್ಲಾ ಅವರ ಅಂಗಡಿಯಲ್ಲಿ ಎರಡು ಗಂಟೆ ಕಳೆದಿದ್ದಳು. ಅರವತ್ತು ದಾಟಿದ ಆ ಮನುಷ್ಯ ಮೊದಲು ಕೇಳಿದ್ದು ಅಂಗಳ ಎಷ್ಟಗಲ ಅಂತಲ್ಲ, ಹುಲ್ಲು ಕತ್ತರಿಸುವವರು ಯಾರು ಅಂತ. ಅವಳ ಮನೆಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ನಾನೇ, ಭುಜ ಹೀಗಿದೆ ಅಂದಾಗ ಅವರು ಪೆಟ್ರೋಲ್ ಮಿಷನ್ನುಗಳನ್ನೆಲ್ಲ ಪಕ್ಕಕ್ಕೆ ಸರಿಸಿದರು. ಅದರ ಹಗ್ಗ ಜಗ್ಗಿ ಎಳೆದರೇನೇ ಎಂಜಿನ್ ಹತ್ತುವುದು, ಈ ಭುಜಕ್ಕೆ ಅದು ಶತ್ರು ಅಂದರು. ಕರೆಂಟಿನದು ಹಗುರ, ಆದರೆ ಒಂದು ಕ್ಷಣ ಮೈಮರೆತರೆ ಅದರ ವೈರನ್ನೇ ಕತ್ತರಿಸಿಕೊಳ್ಳುತ್ತದೆ ಅಂದರು. ಕೊನೆಗೆ ಎಂಜಿನ್ನೇ ಇಲ್ಲದ ಒಂದನ್ನು ಮುಂದಕ್ಕೆ ತಂದರು. ಎರಡು ಚಕ್ರ, ನಡುವೆ ಉರುಳುವ ಅಲಗು, ಉದ್ದನೆಯ ಹಿಡಿ. ತಳ್ಳಿಕೊಂಡು ನಡೆದರೆ ಸಾಕು, ಕೈ ಸೊಂಟದಿಂದ ಮೇಲೆ ಏಳುವ ಹಾಗೇ ಇಲ್ಲ. ಒಂಬತ್ತು ಕೇಜಿ ತೂಕ. ನಿಮ್ಮ ಅಂಗಳಕ್ಕೆ ಇದು ಧಾರಾಳ ಅಂದರು. ಆದರೆ ಗೇಣುದ್ದದ ಹುಲ್ಲಿಗೆ ಇದು ಆಗುವುದಿಲ್ಲ, ಮೊದಲ ಸಲ ಬೇರೆ ಯಾರಿಂದಲಾದರೂ ಕೊಯ್ಯಿಸಿಬಿಡಿ, ಆಮೇಲೆ ವಾರಕ್ಕೊಮ್ಮೆ ತಪ್ಪದೆ ತಳ್ಳಿ ಎಂದೂ ಹೇಳಿದರು. ಸುಕನ್ಯ ಅಂಗಡಿಯ ಮುಂದಿನ ಪುಟ್ಟ ಹುಲ್ಲುಹಾಸಿನ ಮೇಲೆ ತಳ್ಳಿ ನೋಡಿದಳು. ಭುಜ ಕಮಕ್ ಕಿಮಕ್ ಅನ್ನಲಿಲ್ಲ. ಶನಿವಾರ ಯಜಮಾನರ ಜೊತೆ ಬರ್ತೀನಿ, ಎತ್ತಿಡಿ ಅಂತ ಹೇಳಿ ಬಂದಳು. ಅವತ್ತೇ ತಂದುಬಿಟ್ಟಿದ್ದರೆ ಆಗುತ್ತಿತ್ತು. ಅವಳು ಮಾಡಿದ ತಪ್ಪು ಅದೊಂದೇ, ಗಂಡನಿಗೆ ಮರ್ಯಾದೆ ಕೊಡಲು ಹೋದದ್ದು.

ಈಗ ಆ ಯಜಮಾನರು ಅವಳ ಕೈಗೆ ಹಗ್ಗದ ತುದಿ ಕೊಟ್ಟರು. ಮೊದಲ ಸಲ ನೀನೇ ಸ್ಟಾರ್ಟ್ ಮಾಡಲಿ ಅಂತ ಮುಟ್ಟದೆ ಬಿಟ್ಟಿದ್ದೀನಿ ಅಂತ ಮೂಗಿಗೆ ತುಪ್ಪ ಬೇರೆ ಸವರಿದರು. ಎಡಗೈಯಲ್ಲಿ ಎಳೆದಳು, ಹಗ್ಗ ಅರ್ಧವೂ ಬರಲಿಲ್ಲ. ಹಟಕ್ಕೆ ಬಿದ್ದು ಬಲಗೈಯಲ್ಲಿ ಎಳೆದಳು. ಕಣ್ಣು ಕತ್ತಲೆ ಬಂದು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಪ್ರೇಮ್‌ಕುಮಾರ್ ಅಯ್ಯೋ ಪಾಪ ಅಂತ ಮುಖ ಸಣ್ಣಗೆ ಮಾಡಿಕೊಂಡ.

"ನಿನ್ ಕೈಲಿ ಆಗ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ ಹೇಳು? ತರೋದು ನನ್ನ ಕೆಲ್ಸ, ತಂದೆ," ಅಂದ.

ವಾಪಸ್ ಕೊಟ್ಟು ಬೇರೆ ತನ್ನಿ ಅಂದಳು ಸುಕನ್ಯ. ಅದಕ್ಕೆ ಉತ್ತರ ಬಂದದ್ದು ಜಗಲಿಯ ಮೇಲೆ ಕೂತಿದ್ದ ಅತ್ತೆ ಗಂಗಲಕ್ಷ್ಮಮ್ಮನಿಂದ. ಅಲಗಿರುವ ವಸ್ತು, ಅದರ ಕೆಳಗೆ ನಿಂಬೆಹಣ್ಣು ತುಳಿಸಿ ಆಗಿದೆ, ಇನ್ನು ಅದು ಗೇಟು ದಾಟುವ ಹಾಗಿಲ್ಲ, ದಾಟಿಸಿದರೆ ಮನೆಗೆ ಒಳ್ಳೆಯದಲ್ಲ ಅಂತ ಆ ಹಿರಿಯ ಹೆಂಗಸು ನಿಷ್ಠೆಯಿಂದಲೇ ಹೇಳಿದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಕಪಟವೆಲ್ಲ ಮಗನದು. ತಾಯಿ ಇದನ್ನೇ ಹೇಳುತ್ತಾಳೆಂದು ಗೊತ್ತಿದ್ದೇ ಅವನು ಪೂಜೆಗೆ ಅಷ್ಟು ಅವಸರ ಮಾಡಿದ್ದ.

ಶನಿವಾರ ಬೆಳಿಗ್ಗೆ ಸುಕನ್ಯ ತಿಂಡಿ ಮಾಡಿಟ್ಟು ನೇರವಾಗಿ ಶಿವಾಜಿನಗರಕ್ಕೆ ಹೋದಳು. ಮೊದಲು ಆ ಇನಾಯತ್ ಉಲ್ಲಾ ಅವರಿಗೇ ಚಳಿ ಬಿಡಿಸಬೇಕು ಅಂತಿತ್ತು. ಕೆಂಪು ಮಿಷನ್ನಿನ ಮೇಲೆ ಅವರ ಅಂಗಡಿಯದೇ ಚೀಟಿ ಅಂಟಿತ್ತು. ಅಷ್ಟೆಲ್ಲ ಕೇಳಿಸಿಕೊಂಡು, ಅಷ್ಟೆಲ್ಲ ಬುದ್ಧಿ ಹೇಳಿ, ಅದನ್ನೇ ಹೇಗೆ ಮಾರಿದಿರಿ ಭಾಯ್ ಅಂತ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಳು.

ಇನಾಯತ್ ಉಲ್ಲಾ ಗಾಬರಿಯಾದರು. ಒಳಗೆ ಕರೆದು ಸ್ಟೂಲು ಹಾಕಿ ಕೂರಿಸಿದರು. ಹೇಳಲೋ ಬೇಡವೋ ಅಂತ ಗಡ್ಡ ಸವರಿಕೊಂಡರು.

"ನಿಮ್ಮ ಯಜಮಾನ್ರು ಬಂದಾಗ ನೀವು ಎತ್ತಿಡಿಸಿದ್ದೇ ತೋರಿಸ್ದೆ ಅಮ್ಮಾ. ಅವರು ಬೇಡ ಅಂದ್ರು. ಪೆಟ್ರೋಲ್ ಮಿಷನ್ನಲ್ಲಿ ಹಗ್ಗ ಎಳೆಯೋಕೆ ಭಾಳ ಕಷ್ಟ ಯಾವ್ದು ಅಂತ ಕೇಳಿದ್ರು. ಅದನ್ನ ಬಿಟ್ಟು ಬೇರೆ ತಗೊಳ್ಳೋಕೆ ಕೇಳ್ತಿದಾರೆ ಅಂದ್ಕೊಂಡು ನಾನು ಸತ್ಯ ಹೇಳ್ದೆ. ಅದನ್ನೇ ಕೊಡಿ ಅಂದ್ಬಿಟ್ರು."

ಅಷ್ಟೇ ಅಲ್ಲ. ದುಡ್ಡು ಕೊಡುವಾಗ ಫೋನಿನಲ್ಲಿ ಯಾರಿಗೋ ಸೋಮವಾರ ಬೆಳಿಗ್ಗೆ ಲಾರಿ ಕಳಿಸಿ, ಕಲ್ಲು ಅಂಗಳದಲ್ಲೇ ಇಳಿಸಿಬಿಡಿ ಅಂತ ಹೇಳುತ್ತಿದ್ದರಂತೆ.

ಸುಕನ್ಯಳಿಗೆ ಈಗ ಎಲ್ಲ ತಿಳಿಯಿತು. ಗಂಡನದು ದಡ್ಡತನ ಅಂತ ಎರಡು ದಿನ ಉರಿದುಕೊಂಡಿದ್ದಳು, ದೊಡ್ಡಸ್ತಿಕೆ ಅಂತ ಬೈದುಕೊಂಡಿದ್ದಳು. ಅದ್ಯಾವುದೂ ಅಲ್ಲ. ಹೆಂಡತಿಗೆ ಎಲ್ಲಿ ನೋವು ಅಂತ ಚೆನ್ನಾಗಿ ತಿಳಿದುಕೊಂಡು, ಅದೇ ಜಾಗಕ್ಕೆ ಬೀಳುವಂಥ ಪೆಟ್ಟನ್ನು ಅಂಗಡಿಗೆ ಹೋಗಿ ಆರಿಸಿ, ಹಾರ ಹಾಕಿ ತಂದಿದ್ದ. ಅವಳು ಸ್ಟೂಲಿನಿಂದ ಎದ್ದಳು. ಬ್ಲೌಸ್ ಹೊಲಿದು ಕೂಡಿಟ್ಟಿದ್ದ ದುಡ್ಡು ತೆಗೆದು, ಎತ್ತಿಡಿಸಿದ್ದ ಕೈಮಿಷನ್ನನ್ನು ಕೊಂಡು, ಆಟೋದಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು ಹೊರಟಳು. ಮದುವೆಯಾದ ಮೇಲೆ ಯಾರನ್ನೂ ಕೇಳದೆ ಅವಳು ಆ ಮನೆಗೆ ತಂದ ದೊಡ್ಡ ಸಾಮಾನು ಅದೇ ಮೊದಲು.

ಗೇಟು ತೆಗೆಯುತ್ತಿದ್ದಂತೆ ಗಂಗಲಕ್ಷ್ಮಮ್ಮ ಹುಬ್ಬು ಗಂಟಿಕ್ಕಿದರು. ಪೂಜೆ ಮಾಡಿದ ಮಿಷನ್ ಕಣ್ಣೆದುರಿಗೇ ಇರುವಾಗ ಇನ್ನೊಂದು ಯಾಕೆ ತಂದೆ ಅಂತ ಗದರಿದರು. ಪ್ರೇಮ್‌ಕುಮಾರ್ ಬನಿಯನ್ನಿನಲ್ಲಿ ಹೊರಗೆ ಬಂದ. ಸುಕನ್ಯ ಅವನ ಮುಖ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ, ಅಂಗಡಿಯಲ್ಲಿ ಕೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ ಒಂದಕ್ಷರ ಕಡಿಮೆಯಿಲ್ಲದೆ ಹೇಳಿದಳು. ಹಗ್ಗದ ಮಾತು ಹೇಳಿದಳು, ಸೋಮವಾರದ ಲಾರಿಯ ಮಾತೂ ಹೇಳಿದಳು.

ಹಗ್ಗದ ಮಾತಿಗೆ ಮುದುಕಿ ಅಲುಗಲಿಲ್ಲ. ಲಾರಿಯ ಮಾತಿಗೆ ಎದ್ದು ನಿಂತರು. ನೇಗಿಲು ಹಿಡಿದ ಮನೆಯವರು ಅವರು. ಕುಂಕುಮ ಇಟ್ಟ ನೇಗಿಲು ಮಣ್ಣು ಕಾಣಲೇಬೇಕು, ಕುಡುಗೋಲು ಪೈರು ಕಾಣಲೇಬೇಕು. ಪೂಜೆ ಮಾಡಿದ್ದನ್ನು ಕೆಲಸವಿಲ್ಲದೆ ಮೂಲೆಗೆ ತಳ್ಳಿದರೆ ಅದು ದೇವರಿಗೆ ಮಾಡಿದ ವಂಚನೆ. ಇದು ಅವರ ಲೆಕ್ಕದಲ್ಲಿ ಸಣ್ಣ ಮಾತಲ್ಲ.

"ಹುಲ್ಲು ಕುಯ್ಯೋದಕ್ಕೆ ಪೂಜೆ ಮಾಡ್ಬುಟ್ಟು ಹುಲ್ಲಿನ ಮೇಲೆ ಕಲ್ಲು ಹಾಕಿಸ್ತೀಯೇನೋ? ಯಾರ ಕಣ್ಣಿಗೆ ಮಣ್ಣೆರಚ್ತಾ ಇದೀಯೋ ನೀನು, ಮನೆದೇವರು ಮುನೇಶ್ವರನ ಕಣ್ಣಿಗಾ?" ಅಂದರು.

ಹೆಂಡತಿಗೆ ಹೆದರದವನು, ಪುಣ್ಯಾತ್ಮ, ಮುನೇಶ್ವರನಿಗೆ ಹೆದರಿದ. ತನ್ನ ಪೂಜೆಯೇ ತನ್ನ ಕುತ್ತಿಗೆಗೆ ಬರುತ್ತದೆ ಅಂತ ಅವನು ಎಣಿಸಿರಲಿಲ್ಲ. ತಾಯಿ ನಿಂತ ನಿಲುವಿನಲ್ಲೇ ಅವನಿಂದ ಕಲ್ಲಿನವನಿಗೆ ಫೋನ್ ಮಾಡಿಸಿ ಲಾರಿ ಬೇಡ ಅನ್ನಿಸಿದರು. ಅಂಗಳದಲ್ಲಿ ಹುಲ್ಲಿರುವ ತನಕ ಈ ಮಿಷನ್ನಿಗೆ ಕೆಲಸ, ಇದಿರುವ ತನಕ ಹುಲ್ಲು ಅಂತ ತೀರ್ಪು ಕೊಟ್ಟರು. ಅವನು ದೇವರ ಫೋಟೋದ ಮುಂದೆ ಕೆನ್ನೆ ಬಡಿದುಕೊಂಡು ತಪ್ಪಾಯ್ತಪ್ಪ ಅಂದ, ತಾಯಿಯ ಕಾಲು ಮುಟ್ಟಿ ತಪ್ಪಾಯ್ತಮ್ಮ ಅಂದ. ಹೊರಗೆ ಬಂದು ಸುಕನ್ಯಳನ್ನು ನೋಡಿ ಹಲ್ಲು ಕಿರಿದ. ಸರಿ ಬಿಡು, ಹುಲ್ಲು ಉಳೀತು, ನಿನಗೆ ಬೇಕಾದ ಮಿಷನ್ನೂ ಬಂತು, ಇನ್ನೇನು, ಅದರಲ್ಲಿ ಕತ್ತರಿಸಿಕೋ, ಕಾಫಿ ಕೊಡು ಅಂದ.

ಅಂಗಳ ಉಳಿದಿತ್ತು, ನಿಜ. ಆದರೆ ಸುಕನ್ಯಳ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಅಲ್ಲ, ಆ ಮನೆಯಲ್ಲಿ ಅಷ್ಟು ಹೊತ್ತು ನಡೆದ ರಂಪವೆಲ್ಲ ಒಂದು ಕಬ್ಬಿಣದ ಮಿಷನ್ನಿಗಾದ ಅವಮಾನಕ್ಕೆ. ಅವಳ ಭುಜದ ಬಗ್ಗೆ ಒಬ್ಬರಾದರೂ ಒಂದು ಮಾತಾಡಿದರೇ?

"ದೇವರಿಗೆ ತಪ್ಪಾಯ್ತು ಅಂದ್ರಿ. ಅಮ್ಮನಿಗೆ ತಪ್ಪಾಯ್ತು ಅಂದ್ರಿ. ಮೋಸ ಮಾಡಿದ್ದು ಯಾರಿಗೆ?" ಅಂತ ಕೇಳಿದಳು.

ಪ್ರೇಮ್‌ಕುಮಾರ್ ತಲೆ ಕೆರೆದುಕೊಂಡ. ಅವಳು ಕಾಫಿಗೆ ಏಳಲಿಲ್ಲ. ಗೇಣುದ್ದದ ಹುಲ್ಲಿಗೆ ನನ್ನ ಮಿಷನ್ ಆಗುವುದಿಲ್ಲ, ಮೊದಲ ಸಲ ನಿಮ್ಮದರಲ್ಲೇ ಕತ್ತರಿಸಬೇಕು, ಹೇಗೂ ಅದಕ್ಕೆ ಕೆಲಸ ಕೊಡಲೇಬೇಕಲ್ಲ, ಶುರು ಮಾಡಿ ಅಂದಳು. ಅವನು ತಾಯಿಯ ಕಡೆ ನೋಡಿದ. ಗಂಗಲಕ್ಷ್ಮಮ್ಮ ಹೂಂ, ಎಳಿ ಅಂದರು.

ಎಳೆದ. ಹತ್ತಲಿಲ್ಲ. ಮತ್ತೆ ಎಳೆದ. ಬಾಡಿಗೆ ವಸೂಲಿ ಬಿಟ್ಟರೆ ಬೇರೆ ಕೆಲಸ ಕಾಣದ ಕೈ, ಅಂಗೈ ಕೆಂಪಗಾಯಿತು. ಮೇಲೆ ಬಾಲ್ಕನಿಯಲ್ಲಿ ಪಿಜಿ ಹುಡುಗರು ಸಾಲಾಗಿ ನಿಂತು ನೋಡುತ್ತಿದ್ದರು. ಎಂಟು ಸಲವೋ ಒಂಬತ್ತು ಸಲವೋ ಎಳೆದು, ಬೆವರು ಒರೆಸಿಕೊಂಡು, ಭುಜ ನೀವಿಕೊಳ್ಳುತ್ತಾ ಹೆಂಡತಿಯ ಕಡೆ ತಿರುಗಿದ.

"ಎಷ್ಟು ಗಟ್ಟಿ ಇದೆ ಕಣೇ ಇದು," ಅಂದ.

"ಗೊತ್ತು," ಅಂದಳು ಸುಕನ್ಯ. "ಕೇಳ್ಕೊಂಡೇ ತಂದಿದ್ದೀರಲ್ಲ."