ಪಾಲಿಶಪ್ಪ ಗಾಡಿ ನೋಡಲು ಹೋದದ್ದು

ಪಾಲಿಶಪ್ಪನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಗುದ್ದಿಸಿಕೊಂಡು ಬಂದ ಗಾಡಿಗಳನ್ನು ಗುದ್ದೇ ಇಲ್ಲವೆಂಬಂತೆ ಮಾಡಿ ದಲ್ಲಾಳಿಗಳ ಕೈಗೆ ಕೊಡುವುದು ಅವನ ಕಸುಬು. ಅವನು ಅದನ್ನು ಸೌಂದರ್ಯ ಸೇವೆ ಎಂದು ಕರೆಯುತ್ತಿದ್ದ. ಮೋಸ ಎಂಬ ಮಾತನ್ನು ಅವನ ಶೆಡ್ಡಿನಲ್ಲಿ ಯಾರೂ ಆಡುವಂತಿರಲಿಲ್ಲ. ಕೊಳ್ಳುವವನು ಕಣ್ಣಿದ್ದೂ ಕುರುಡನಾದರೆ ತಾನೇನು ಮಾಡಲಿ ಎಂಬುದು ಅವನ ವೇದಾಂತ. ಈ ವೇದಾಂತಕ್ಕೆ ಒಂದು ದೊಡ್ಡ ಅನುಕೂಲವಿತ್ತು. ದಲ್ಲಾಳಿ ನಡುವೆ ನಿಂತಿದ್ದರಿಂದ ಕೊಳ್ಳುವವನ ಮುಖ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ಪ್ರಸಂಗ ಅಳಿಯನ ರೂಪದಲ್ಲಿ ಬಂತು. ಅಳಿಯ ಕಾಲೇಜೊಂದರಲ್ಲಿ ಲೈಬ್ರರಿಯನ್. ಹೆಂಡತಿ ತುಂಬು ಬಸುರಿ. ಹುಟ್ಟಲಿರುವ ಮಗುವಿಗೆ ತೊಟ್ಟಿಲಿಗಿಂತ ಮೊದಲು ಎಸ್‌ಯುವಿ ಬೇಕು ಎಂದು ಅವನು ತೀರ್ಮಾನಿಸಿದ್ದ. ಹೊಸದಕ್ಕೆ ಕೈ ಎಟುಕಲಿಲ್ಲವಾಗಿ, ಹಳೇ ಎಸ್‌ಯುವಿ ಕೊಳ್ಳುವಾಗ ಏನೇನು ನೋಡಬೇಕೆಂಬ ವಿಡಿಯೊಗಳನ್ನೆಲ್ಲ ಅರೆದು ಕುಡಿದಿದ್ದ. ಒಂದು ಟಾರ್ಚು, ಒಂದು ಅಯಸ್ಕಾಂತ, ಗಾಡಿಯಡಿ ಮಲಗಲು ಒಂದು ಚಾಪೆ ಸಿದ್ಧವಾಗಿದ್ದವು. ಇಷ್ಟಾದರೂ ಮಾವನ ಕಣ್ಣು ಬೀಳದೆ ಗಾಡಿ ಕೊಳ್ಳುವುದಿಲ್ಲ ಎಂದು ಹಟ ಹಿಡಿದ. ಮಾವನ ಕಸುಬೇನೆಂದು ಅವನು ಕೆದಕಿ ಕೇಳಿದವನಲ್ಲ. ಮದುವೆ ಮಾತುಕತೆಯಲ್ಲಿ ಅದನ್ನು ಆಟೋಮೊಬೈಲ್ ಉದ್ಯಮ ಎಂದು ಹೇಳಿ ಮುಗಿಸಲಾಗಿತ್ತು.

ಪಾಲಿಶಪ್ಪ ಹಿಗ್ಗಿ ಹೀರೇಕಾಯಿಯಾದ. ಇಸ್ತ್ರಿ ಅಂಗಿ ತೊಟ್ಟು ಮಗಳು ಅಳಿಯನ ಜೊತೆ ಹೊರಟ. ಗಾಡಿ ಒಬ್ಬ ಔಷಧಿ ಅಂಗಡಿಯವರದು, ಹೋದ ವರ್ಷ ದಲ್ಲಾಳಿಯೊಬ್ಬನಿಂದ ಕೊಂಡದ್ದು. ಅಂಗಡಿಯ ಮುಂದೆ ನಿಲ್ಲಿಸಲು ಜಾಗ ಸಾಲದೆ ಚಿಕ್ಕ ಕಾರು ಕೊಳ್ಳುವ ಯೋಚನೆ ಅವರಿಗೆ. ಗೇಟು ತೆಗೆದು ಒಳಗೆ ಕರೆದರು.

ಅಂಗಳದಲ್ಲಿ ನಿಂತಿದ್ದ ಬಿಳಿ ಗಾಡಿ ಕಂಡದ್ದೇ ಪಾಲಿಶಪ್ಪ ಗೇಟಿನಲ್ಲೇ ನಿಂತ. ಹೆತ್ತವಳಿಗೆ ಮಗುವಿನ ಗುರುತು ಹೇಳಿಕೊಡಬೇಕೆ? ಹೋದ ವರ್ಷ ಲಾರಿಯ ಹಿಂಬದಿಗೆ ನುಗ್ಗಿ ಮೂತಿ ಅಪ್ಪಚ್ಚಿಯಾಗಿ ಬಂದದ್ದು ಇದೇ ಗಾಡಿ. ಚಾಸಿ ಬಗ್ಗಿತ್ತು, ಏರ್‌ಬ್ಯಾಗುಗಳು ಸಿಡಿದು ಜೋತುಬಿದ್ದಿದ್ದವು. ಹೊಸ ಏರ್‌ಬ್ಯಾಗ್ ದುಬಾರಿ ಎಂದು ದಲ್ಲಾಳಿ ಗೊಣಗಿದ್ದಕ್ಕೆ, ಪಾಲಿಶಪ್ಪ ಸಿಡಿದದ್ದನ್ನು ಕಿತ್ತೆಸೆದು ಮುಚ್ಚಳ ಅಂಟಿಸಿದ್ದ. ಗಾಡಿ ಅದನ್ನು ಪತ್ತೆಹಚ್ಚಿ ಕೆಂಪು ದೀಪ ತೋರಿಸಬಾರದಲ್ಲ, ಅದಕ್ಕೂ ಒಂದು ತಂತಿ ಕಟ್ಟಿದ್ದ. ಕೀಲಿ ತಿರುಗಿಸಿದರೆ ದೀಪ ಸಂಭಾವಿತನಂತೆ ಹೊತ್ತಿ, ಸಂಭಾವಿತನಂತೆಯೇ ಆರುತ್ತಿತ್ತು.

ಸರಿ, ತಾನು ಮಾಡಿದ್ದೆಂದು ಬಾಯಿಬಿಡದೆ ಹುಳುಕನ್ನಷ್ಟೇ ತೋರಿಸಿ ಅಳಿಯನನ್ನು ಹೊರಡಿಸೋಣ ಎಂದುಕೊಂಡ. ಬಾನೆಟ್ಟಿನ ಸಂದು ನೋಡಿ ಎಂದ. ಅಳಿಯ ಬೆರಳಾಡಿಸಿದ. ಎರಡೂ ಕಡೆ ಒಂದೇ ಅಳತೆ. ತಗ್ಗು ಮುಚ್ಚಲು ಮೆತ್ತುವ ಪುಟ್ಟಿಗೆ ಅಯಸ್ಕಾಂತ ಅಂಟದು, ಅದಾದರೂ ಸಿಕ್ಕೀತೇನೋ ಎಂದು ಅಯಸ್ಕಾಂತ ಹಿಡಿಸಿದ. ಪಾಲಿಶಪ್ಪ ಅವತ್ತು ಪುಟ್ಟಿ ಮೆತ್ತುವ ಬದಲು ಅಸಲಿ ತಗಡನ್ನೇ ಕೂರಿಸಿದ್ದರಿಂದ ಅದು ಗಪ್ಪನೆ ಕಚ್ಚಿಕೊಂಡಿತು. ಚಾಪೆ ಹಾಸಿ ಅಡಿಗೆ ಹೋಗಿ ಬೆಸುಗೆ ಗುರುತು ಹುಡುಕಿ ಎಂದ. ಬೆಸುಗೆಯ ಮೇಲೆ ಕಪ್ಪು ಬಳಿದು, ಬಣ್ಣ ಹಸಿಯಿದ್ದಾಗಲೇ ರಸ್ತೆಯ ಧೂಳು ಎರಚಿದ್ದು ಇವನದೇ ಕೈ. ಅಳಿಯ ಮೈಯೆಲ್ಲ ಮಣ್ಣಾಗಿ, ಮುಖವೆಲ್ಲ ಬೆಳಗಿಸಿಕೊಂಡು ಹೊರಬಂದ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದರೆ ಹೊಗೆಯಿಲ್ಲ, ಓಡಿಸುತ್ತ ಸ್ಟೀರಿಂಗ್ ಕೈಬಿಟ್ಟರೆ ಯಾವ ಬದಿಗೂ ಎಳೆತವಿಲ್ಲ.

ತನ್ನ ಕೆಲಸ ಇಷ್ಟು ಅಚ್ಚುಕಟ್ಟು ಎಂದು ಬೇರೆ ದಿನವಾಗಿದ್ದರೆ ಪಾಲಿಶಪ್ಪ ಮೀಸೆ ತಿರುವುತ್ತಿದ್ದ. ಇವತ್ತು ಒಂದೊಂದು ಪರೀಕ್ಷೆ ಪಾಸಾದಾಗಲೂ ಅವನ ಬೆನ್ನಲ್ಲಿ ಬೆವರು ಇಳಿಯಿತು. ಕೊನೆಗೆ ಅಡ್ಡದಾರಿ ಹಿಡಿದ. ಬಿಳಿ ಬಣ್ಣ ಬೇಗ ಕೊಳೆಯಾಗುತ್ತದೆ ಎಂದ. ಬಿಸಿಲಿಗೆ ಅದೇ ತಂಪು ಎಂದ ಅಳಿಯ. ಎಣ್ಣೆ ಕುಡಿಯುತ್ತದೆ, ಬಿಡಿಭಾಗ ಸಿಗುವುದಿಲ್ಲ, ಎತ್ತರ ಜಾಸ್ತಿಯಾಯಿತು ಎಂದೆಲ್ಲ ರಾಗ ಎಳೆದ. ಎಲ್ಲಕ್ಕೂ ಅಳಿಯನ ಬಳಿ ಒಂದೊಂದು ವಿಡಿಯೊ ಇತ್ತು. ಮಾವ ಹೀಗೆ ಚೌಕಾಸಿಗೆ ದಾರಿ ಮಾಡಿಕೊಡುತ್ತಿದ್ದಾನೆಂದು ಅವನು ಕಣ್ಣಲ್ಲೇ ಮೆಚ್ಚುಗೆ ಸೂಚಿಸಿದ.

ಅಷ್ಟರಲ್ಲಿ ಮಗಳು ಕೂತು ನೋಡುತ್ತೇನೆಂದು ಮುಂದಿನ ಸೀಟಿಗೆ ಏದುಸಿರು ಬಿಡುತ್ತ ಹತ್ತಿದಳು. ಹೊಟ್ಟೆಗೆ ಒತ್ತದಂತೆ ಬೆಲ್ಟನ್ನು ಕೆಳಗೆ ಸರಿಸಿಕೊಂಡಳು. ಅವಳೆದುರಿಗಿದ್ದ ನುಣುಪು ಮುಚ್ಚಳದ ಹಿಂದೆ ಏನಿದೆಯೆಂದು ಅಲ್ಲಿದ್ದವರಲ್ಲಿ ಪಾಲಿಶಪ್ಪನೊಬ್ಬನಿಗೇ ಗೊತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

“ಬೇಡ ಅಳಿಯಂದ್ರೇ. ಈ ಗಾಡಿ ಮುಂದೆಲ್ಲ ನಜ್ಜುಗುಜ್ಜಾಗಿತ್ತು. ಏರ್‌ಬ್ಯಾಗ್ ಇರೋ ಜಾಗ ಖಾಲಿ. ಮುಚ್ಚಿಟ್ಟಿದ್ದು ನಾನೇ.”

ಅಳಿಯ ನಕ್ಕ.

“ನೀವೇ ಮಾಡಿದ್ದಾ? ಹಾಗಿದ್ರೆ ಇನ್ಯಾಕೆ ಯೋಚನೆ ಮಾವ? ಮನೆಯವರದೇ ಗ್ಯಾರಂಟಿ ಸಿಕ್ಕಿದ ಹಾಗಾಯ್ತು.”

ವಿದ್ಯೆ ತಲೆಗೇರಿದವನಿಗೆ ತಿಳಿಹೇಳುವುದು ಹೇಗೆಂದು ಪಾಲಿಶಪ್ಪ ಬಾಯಿ ತೆರೆಯುವಷ್ಟರಲ್ಲಿ ಮಗಳು ಬೆಲ್ಟು ಬಿಚ್ಚಿ, ಬಾಗಿಲು ಹಿಡಿದುಕೊಂಡು ಕೆಳಗಿಳಿದಳು. ಅಪ್ಪನ ಕಡೆ ನೋಡಲಿಲ್ಲ. ಗಂಡನಿಗೆ ಮಾತ್ರ ಹೇಳಿದಳು.

“ಅಪ್ಪನ ಶೆಡ್ಡಿಂದ ಬಂದ ಗಾಡೀಲಿ ನಮ್ಮನ್ನ ಅಪ್ಪ ಒಂದಿನಾನೂ ಕೂರಿಸಿಲ್ಲ. ನಾವು ಎಲ್ಲಿಗೇ ಹೋದ್ರೂ ಬಸ್ಸಲ್ಲೇ ಹೋಗಿದ್ದು.”

ಅಳಿಯನ ನಗು ಇಳಿದುಹೋಯಿತು. ಪಾಲಿಶಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅವಳಿಗೆ ಇದು ಗೊತ್ತಿಲ್ಲವೆಂದು ಇಷ್ಟು ವರ್ಷ ನಂಬಿದ್ದ. ನಾಚಿಕೆಯಾಯಿತು. ಆದರೂ ಮಗಳು ಇಳಿದಳಲ್ಲ ಎಂಬ ಸಮಾಧಾನಕ್ಕೆ ಉಸಿರು ತಾನಾಗಿ ಹಗುರಾಯಿತು. ಗಂಡಾಂತರ ಕಳೆಯಿತು, ಇನ್ನು ಹೊರಡೋಣ ಎಂದು ಗೇಟಿನ ಕಡೆ ತಿರುಗಿದ.

ಗೇಟಿನ ಬಳಿ ಔಷಧಿ ಅಂಗಡಿಯವರು ನಿಂತಿದ್ದರು. ಆಡಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಕೊಳ್ಳುವವನ ಮುಖ ಎಂದರೆ ಹೀಗಿರುತ್ತದೆ ಎಂದು ಪಾಲಿಶಪ್ಪ ಮೊದಲ ಸಲ ನೋಡಿದ. ಅವರು ಬೈಯಲಿಲ್ಲ. ಒಳಗೆ ಹೋಗಿ ಒಂದು ಸ್ಕ್ರೂಡ್ರೈವರ್ ತಂದು ಅವನ ಕೈಗಿಟ್ಟು, ಬಿಚ್ಚಿ ತೋರಿಸಿ ಎಂದರು.

ಪಾಲಿಶಪ್ಪ ಸ್ಟೀರಿಂಗಿನ ನಡುವಿನ ಮುಚ್ಚಳ ಎಬ್ಬಿಸಿದ. ಚೆನ್ನಾಗಿ ಅಂಟಿಸಿದ್ದರಿಂದ ಬರಲು ಬಹಳ ಸತಾಯಿಸಿತು. ಒಳಗೆ ಒಂದು ತುಂಡು ಸ್ಪಂಜು, ಒಂದು ಗಂಟು ತಂತಿ, ಅಷ್ಟೇ. ಔಷಧಿ ಅಂಗಡಿಯವರು ಬಗ್ಗಿ ಅದನ್ನು ನೋಡಿದರು. ಆಮೇಲೆ ಮಗಳು ಎದ್ದುಹೋಗಿದ್ದ ಪಕ್ಕದ ಸೀಟನ್ನು ನೋಡಿದರು.

“ದಿನಾ ಸ್ಕೂಲಿಗೆ ಹೋಗುವಾಗ ನನ್ನ ಮಗ ಆ ಕಡೆ ಕೂರ್ತಾನೆ,” ಎಂದರು. “ಅಲ್ಲೂ ಹೀಗೇನಾ?”

ಪಾಲಿಶಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡು ಗಾಡಿಯನ್ನು ಸುತ್ತಿ ಆ ಕಡೆಗೆ ನಡೆದ.