ಬಸಲಿಂಗಮ್ಮನ ಮದುವೆಯ ಎತ್ತುಗಳು

"ಆಂಟಿ, ಎತ್ತಿನ ಕೋಡಿಗೆ ಯಾವ ಬಣ್ಣ ಹಚ್ಚಿದ್ರಿ?"

ಶೀತಲ ಪೆನ್ನು ಹಿಡಿದು ಕಾದಳು. ಮದುವೆಗಳ ಅಲಂಕಾರವನ್ನೇ ಉದ್ಯೋಗ ಮಾಡಿಕೊಂಡ ಬೀದರ ಕಡೆಯ ಹುಡುಗಿ. ಮಲ್ಕಾಜ್‌ಗಿರಿಯ ಈ ಮನೆಗೆ ಬಂದು ಒಂದು ತಾಸಾಗಿತ್ತು. ಎರಡು ಸಲ ಚಹಾ ಆಗಿ, ಅವಳ ಪುಸ್ತಕದಲ್ಲಿ ಆರು ಪುಟ ತುಂಬಿತ್ತು. ಬಸಲಿಂಗಮ್ಮ ಕೈಯಲ್ಲಿದ್ದ ಚುರುಮುರಿಯ ತಟ್ಟೆಯನ್ನು ಕೆಳಗಿಟ್ಟು, ನೆನಪು ಮಾಡಿಕೊಳ್ಳುವವರ ಹಾಗೆ ಕಣ್ಣು ಅರ್ಧ ಮುಚ್ಚಿದಳು.

"ಒಂದಕ್ಕ ಕೆಂಪು, ಒಂದಕ್ಕ ಹಸರು. ಎರಡಕ್ಕೂ ಒಂದs ಬಣ್ಣ ಹಚ್ಚಿದ್ರ ನಮ್ಮಪ್ಪಗ ಸೇರ್ತಿರಲಿಲ್ಲ."

"ಮಸ್ತ್!" ಎಂದು ಶೀತಲ ಬರೆದುಕೊಂಡಳು.

ಮೂಲೆಯ ಕುರ್ಚಿಯಲ್ಲಿ, ಪೇಪರಿನ ಹಿಂದೆ, ಅಮರೇಶಪ್ಪ ಕೆಮ್ಮಿದ. ಗೂಡ್ಸ್ ಗಾಡಿಯ ಗಾರ್ಡಾಗಿ ದುಡಿದು ನಿವೃತ್ತನಾದ ಮನುಷ್ಯ; ಮಾತು ಕಡಿಮೆ. ಆ ಕೆಮ್ಮಿನ ಅರ್ಥ ಹೆಂಡತಿಗೆ ಮಾತ್ರ ಗೊತ್ತಿತ್ತು. ಎತ್ತೇ ಇರಲಿಲ್ಲ, ಇನ್ನು ಕೋಡೆಲ್ಲಿಂದ ಬಂತು?

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ. ಬಸಲಿಂಗಮ್ಮನ ಮದುವೆ ಆದದ್ದು ಲಿಂಗಸುಗೂರಿನ ಹತ್ತಿರದ ಒಂದು ಮಠದಲ್ಲಿ, ಸಾಮೂಹಿಕ ವಿವಾಹದಲ್ಲಿ. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅಂಗಳದಲ್ಲಿ ಉದ್ದಕ್ಕೆ ಜಮಖಾನೆ ಹಾಸಿ ಜೋಡಿಗಳನ್ನು ಸಾಲಾಗಿ ಕೂಡಿಸಿದ್ದರು. ಎಲ್ಲರಿಗೂ ಒಂದೇ ಬಣ್ಣದ ಸೀರೆ, ಮೈಕಿನಲ್ಲಿ ಎಲ್ಲರಿಗೂ ಕೂಡಿಯೇ ಮಂತ್ರ. ಹುಗ್ಗಿ ಊಟ ಮಾಡಿ ಮಧ್ಯಾಹ್ನ ಎರಡರ ಬಸ್ಸು ಹಿಡಿದರೆ ಮದುವೆ ಮುಗಿಯಿತು.

ಸುಳ್ಳು ಹುಟ್ಟಿದ್ದು ಮಗಳಿಂದ. ಶಾಂಭವಿಗೆ ಆಗ ಆರು ವರ್ಷ. ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಮದುವೆ ಆಲ್ಬಮ್ ನೋಡಿ ಬಂದ ಕೂಸು, "ಅವ್ವಾ, ನಿನ್ನ ಮದಿವಿ ಫೋಟೊ ಎಲ್ಲಿ?" ಎಂದು ಕೇಳಿತು. "ಫೋಟೊ ತೆಗಿಯಾವ ಬರೂದ್ರಾಗ ಎತ್ತು ಬೆದರಿ ಓಡಿಬಿಟ್ವು" ಎಂದು ಬಸಲಿಂಗಮ್ಮನ ಬಾಯಿಂದ ಬಂದುಬಿಟ್ಟಿತು. "ಯಾವ ಎತ್ತು?" ಅಂತ ಮಗಳು. ಅಷ್ಟೇ ನೋಡಿ! ಎತ್ತಿನ ಹಿಂದೆ ಬಂಡಿ ಬಂತು, ಬಂಡಿಗೆ ಕಮಾನು ಬಂತು. ಮರುವರ್ಷ ಐದು ದಿನದ ಹಂದರ ಎದ್ದಿತು. ಬೀಸುವ ಕಲ್ಲಿನ ಮುಂದೆ ಹಾಡಲು ಮುತ್ತೈದೆಯರು ಬಂದರು, ಮದುಮಗಳ ಸುತ್ತ ನೂಲು ಹಾಕಿ ಸುರಗಿ ಸುತ್ತಿ ನೀರೆರೆದರು. ಕೊನೆಗೆ ತೀರಿಕೊಂಡಿದ್ದ ಅಪ್ಪನೂ ಹೊಸ ರುಮಾಲು ಸುತ್ತಿಕೊಂಡು ಬಂದು ಬಂಡಿ ಹೂಡಿದ. ಜ್ವರ ಬಂದಾಗ, ಕರೆಂಟು ಹೋದಾಗ, ಪರೀಕ್ಷೆಯ ಹಿಂದಿನ ದಿನ, ಮಗಳಿಗೆ ಅದೇ ಕಥೆ ಬೇಕು. ಅಮರೇಶಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಒಂದು ದಿನವೂ "ಅಲ್ಲ" ಅನ್ನಲಿಲ್ಲ, ಕೆಮ್ಮಿ ಸುಮ್ಮನಾದ.

ಆ ಕೂಸು ಈಗ ಗಚ್ಚಿಬೌಲಿಯ ಗಾಜಿನ ಕಟ್ಟಡವೊಂದರ ಎಂಟನೇ ಅಂತಸ್ತಿನಲ್ಲಿ ಕೆಲಸ ಮಾಡುತ್ತಿತ್ತು. ಕಾಲ ಹೇಗೆ ತಿರುಗಿತು ನೋಡಿ. ಮೊದಮೊದಲು ಆ ಆಫೀಸಿನ ಹುಡುಗ ಹುಡುಗಿಯರು ಮದುವೆಯಲ್ಲಿ ಕೇಕು, ಡಿಜೆ, ಹೊಗೆ ಬಿಡುವ ಯಂತ್ರ ಅಂತ ಕುಣಿದರು. ಈಗ ಎಲ್ಲರಿಗೂ ಹಳೆಯದೇ ಬೇಕು. ನಾರಾಯಣಗೂಡದ ಅಡುಗೆಮನೆಗಳಿಂದ ಮಿಕ್ಸಿ ಬಂದ ದಿನವೇ ಹೊರಬಿದ್ದಿದ್ದ ಒರಳು, ಬೀಸುವ ಕಲ್ಲುಗಳು ಹೂವು ಮುಡಿದುಕೊಂಡು ಮದುವೆಮನೆಗೆ ಬಾಡಿಗೆಗೆ ಬರುತ್ತಿದ್ದವು. ಬೀಗತಿ ಸಾವಿತ್ರಿಬಾಯಿಯಂತೂ ಒಂದು ಕಾಲಕ್ಕೆ ಅತ್ತೆಯ ಹಿತ್ತಾಳೆ ಪಾತ್ರೆಯನ್ನೆಲ್ಲ ಗುಜರಿಗೆ ಹಾಕಿ ಸ್ಟೀಲು ತಂದವಳು. ಈಗ ಶಾಂಭವಿಯ ಕೈಹಿಡಿಯಲಿದ್ದ ಮಗ ವೈಭವನ ಮದುವೆಗೆ ಹಿತ್ತಾಳೆ ಕೊಡ ಹುಡುಕಿ ಬೇಗಂಬಜಾರವನ್ನೆಲ್ಲ ಸುತ್ತಿದಳು.

ಉಳಿದವರೆಲ್ಲ ಹಳೆಯದನ್ನು ಫೋಟೊ ನೋಡಿ ಕಲಿತರೆ, ಶಾಂಭವಿಗೆ ಮನೆಯಲ್ಲೇ ಗಣಿ ಇತ್ತು. "ನನ್ನ ಮದಿವಿ ನಮ್ಮವ್ವನ ಮದಿವಿ ಹಂಗs ಆಗಬೇಕು. ಒಂದು ದಾರದ ಎಳಿ ಸೈತ ತಪ್ಪಬಾರ್ದು" ಎಂದು ಸಾರಿಬಿಟ್ಟಳು.

ಆ ದಿನದಿಂದ ಬಸಲಿಂಗಮ್ಮನ ನಿದ್ದೆ ಹಾರಿತು. ಈಗ ಹೇಳೋಣ, ಇನ್ನೊಂದು ತಾಸು ಬಿಟ್ಟು ಹೇಳೋಣ ಅಂತ ಬಾಯಿ ತೆರೆಯುವಳು. ಮಗಳ ಮುಖ ನೋಡಿ ಮುಚ್ಚುವಳು. ಇಪ್ಪತ್ತು ವರ್ಷ ನಂಬಿದ ಮಗಳು ನಾಳೆ ತನ್ನ ಯಾವ ಮಾತನ್ನು ನಂಬಿಯಾಳು? ಅದಕ್ಕಿಂತ ದೊಡ್ಡ ಚಿಂತೆ ಅಮರೇಶಪ್ಪನ ಅಕ್ಕ ಹಂಪಮ್ಮನದು. ಮಠದ ಆ ಅಂಗಳದಲ್ಲಿ ಕಣ್ಣಾರೆ ಇದ್ದವಳು. ತೋಚಿದ್ದನ್ನು ತೋಚಿದ ಕೂಡಲೇ ಆಡುವ ಬಾಯಿ. ಲಿಂಗಸುಗೂರಿನಿಂದ ಅವಳು ಬಂದೇ ಬರುತ್ತಾಳೆ.

"ಏನ್ರೀ, ಅಕ್ಕಾರಿಗೆ ಒಂದ್ ಮಾತ ಹೇಳ್ರಿ," ಎಂದಳು ಗಂಡನಿಗೆ.

"ಏನಂತ ಹೇಳ್ಲಿ?" ಎಂದ ಅಮರೇಶಪ್ಪ.

ಸುರಗಿಯ ದಿನ ಬೆಳಿಗ್ಗೆ ಗಚ್ಚಿಬೌಲಿಯ ಆಚೆಯ ಆ ಹುಲ್ಲಿನ ಬಯಲಿಗೆ ಕಾಲಿಟ್ಟವಳೇ ಬಸಲಿಂಗಮ್ಮ ನಿಂತುಬಿಟ್ಟಳು. ಅಯ್ಯ ಶಿವನೇ, ತಾನು ಬಾಯಲ್ಲಿ ಕಟ್ಟಿದ್ದೆಲ್ಲ ಕಣ್ಣೆದುರಿಗೆ ನಿಂತಿದೆಯಲ್ಲ! ಮಾವಿನ ತಳಿರಿನ ಹಂದರ. ಹಂದರದ ಕಂಬಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟಿ. ಕಮಾನು ಬಂಡಿ. ಒಂದು ಎತ್ತಿನ ಕೋಡು ಕೆಂಪು, ಇನ್ನೊಂದರದು ಹಸಿರು. ಎತ್ತುಗಳು ಸಿನಿಮಾದಲ್ಲಿ ಪಳಗಿದವಂತೆ. ಕ್ಯಾಮೆರಾ ಎತ್ತಿದ ಕೂಡಲೇ ನಿಂತಲ್ಲೇ ನಿಂತುಬಿಡುವ ರೂಢಿ. ಮದುಮಗಳನ್ನು ಹೊತ್ತ ಬಂಡಿ ಗೇಟಿನಿಂದ ಹಂದರಕ್ಕೆ ಬರಲು ಅರ್ಧ ತಾಸು ಹಿಡಿಯಿತು, ಯಾಕೆಂದರೆ ಎಲ್ಲರ ಕೈಯಲ್ಲೂ ಫೋನಿತ್ತು. "ಅರೇ ಭಾಯ್, ಫೋಟೊ ಬಂದ್ ಕರೋ!" ಎಂದು ಶೀತಲ ಕೂಗಿ ಕೂಗಿ ಗಂಟಲು ಕಟ್ಟಿತು. ಬಸಲಿಂಗಮ್ಮ ಎಲ್ಲ ಮರೆತು ನಕ್ಕಳು. ಎಷ್ಟು ಚಂದ ಇತ್ತಲ್ಲ ನನ್ನ ಮದುವೆ, ಅನ್ನಿಸಿಬಿಟ್ಟಿತು.

ಆಗಲೇ ಹಂಪಮ್ಮ ಬಂದಳು. ಕ್ಯಾಬಿನಿಂದ ಇಳಿದು, ಸೊಂಟಕ್ಕೆ ಕೈಕೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

"ಯವ್ವಾ! ಏನವಾ ಇದೆಲ್ಲಾ?"

"ಅವ್ವನ ಮದಿವ್ಯಾಗ ಇದ್ದಂಗs ಮಾಡಿಸೀವಿ ಅತ್ತಿ. ಎಲ್ಲಾ ಬರೋಬರಿ ಐತಿ ಇಲ್ಲೋ ನೋಡಿ ಹೇಳು. ನೀ ಇದ್ದೆಲ್ಲ ಅವಾಗ?" ಎಂದಳು ಶಾಂಭವಿ, ಬಂಡಿಯಿಂದ ಜಿಗಿದು ಬಂದು.

ಹಂಪಮ್ಮ ತಮ್ಮನ ಹೆಂಡತಿಯ ಬಿಳಿಚಿದ ಮುಖ ನೋಡಿದಳು. ತಮ್ಮನ ಮುಖ ನೋಡಿದಳು. ಅವನು ಎತ್ತಿನ ಗಂಗೆದೊಗಲು ತುರಿಸುತ್ತ ನಿಂತಿದ್ದ. ಮತ್ತೆ ಎತ್ತು ನೋಡಿದಳು.

"ಇದ್ದೆ, ಇರದs ಏನ್? ಆದ್ರ ಆ ಎತ್ತು ಇನ್ನಾ ಎತ್ತರ ಇದ್ವು ಬಿಡವಾ. ಇವು ಅವುಗಳ ಮುಂದ ಆಡಿನ ಮರಿ!" ಎಂದಳು ಹಂಪಮ್ಮ.

ಗೊಳ್ಳೆಂದು ನಕ್ಕರು ಎಲ್ಲರೂ. ಬಸಲಿಂಗಮ್ಮನ ಜೀವ ತಿರುಗಿ ಬಂತು. ಇನ್ನು ಅಂಜಿಕೆಯಿಲ್ಲ, ಗುಟ್ಟು ಬಿಟ್ಟುಕೊಡುವವರು ಯಾರೂ ಉಳಿಯಲಿಲ್ಲ.

ಹಂದರದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ಬಿಳಿ ನೂಲು ಸುತ್ತಿದರು. ನಡುವೆ ಮಣೆಗಳ ಮೇಲೆ ಅರಿಶಿಣ ಮೆತ್ತಿಕೊಂಡ ಶಾಂಭವಿ, ವೈಭವ. ಬಿಸಿನೀರಿನ ಹಂಡೆ ಬಂತು. ತಾಯಿ ಮೊದಲ ತಂಬಿಗೆ ಎರೆಯಬೇಕು. ಬಸಲಿಂಗಮ್ಮ ನೀರು ಮೊಗೆಯಲು ಬಾಗಿದಳೋ ಇಲ್ಲವೋ, ಸಾವಿತ್ರಿಬಾಯಿ ಅಡ್ಡ ನಿಂತಳು.

"ಬೀಗತ್ಯಾರ, ಪುಕ್ಕಟ ನೀರಿಲ್ರಿ. ಗಂಡನ ಹೆಸರು ಒಡಪಿನಾಗ ಹೇಳಿ ಮುಂದ ಬರ್ರಿ."

ಬರಿದೇ ಗಂಡನ ಹೆಸರೆತ್ತದ ಹೆಂಗಸರು ಇಂಥ ಹೊತ್ತಿನಲ್ಲಿ ಪ್ರಾಸ ಕಟ್ಟಿ, ಒಡಪಿನೊಳಗೆ ಹೆಸರು ಸೇರಿಸಿ ಹೇಳುವುದು ಆ ಕಡೆಯ ಪದ್ಧತಿ.

"ಹೌದವ್ವಾ! ನಿನ್ನ ಮದಿವ್ಯಾಗ ಹೇಳಿದ್ದs ಹೇಳು. ಎಲ್ಲಾ ಹೇಳಿ, ಅದೊಂದs ನೀ ಹೇಳಿಲ್ಲ," ಎಂದಳು ಶಾಂಭವಿ.

ಹೇಳಿರಲಿಲ್ಲ, ನಿಜ. ಮಠದಲ್ಲಿ ಒಡಪಿಗೆ ಯಾರಿಗೆ ಪುರುಸೊತ್ತಿತ್ತು? ಅಲ್ಲಿ ಹೇಳದೆ ಉಳಿದ ಹೆಸರು ಇಪ್ಪತ್ತೊಂಬತ್ತು ವರ್ಷವಾದರೂ ನಾಲಿಗೆಗೆ ಬಂದಿರಲಿಲ್ಲ. ಆದರೇನು, ಎತ್ತು ಕಟ್ಟಿದವಳಿಗೆ ಒಡಪು ಕಟ್ಟುವುದು ದೊಡ್ಡದೇ? ಬಸಲಿಂಗಮ್ಮ ಬಾಯಿ ತೆರೆದಳು.

ಅಷ್ಟರಲ್ಲಿ ವೈಭವ, ಪಾಪ, ಸಹಜವಾಗಿ ಕೇಳಿದ: "ಅತ್ತೀ, ಶಾಂಭವಿ ನನಗ ಈ ಕಥಿ ಹತ್ತು ಸಲ ಹೇಳ್ಯಾಳ. ಅದ್ರಾಗ ಮಾವಾರು ಎಲ್ಲಿ ಬರ್ತಾರ್ರಿ?"

ಬಸಲಿಂಗಮ್ಮ ತಡವರಿಸಿದಳು. ಎಲ್ಲಿ ಬರುತ್ತಾನೆ? ಎತ್ತಿಗೆ ಬಣ್ಣ ಹಚ್ಚಿದಳು, ಸತ್ತ ಅಪ್ಪನನ್ನು ಎಬ್ಬಿಸಿ ತಂದಳು. ಅಷ್ಟು ದೊಡ್ಡ ಮದುವೆಯಲ್ಲಿ ಗಂಡನಿಗೇ ಒಂದು ಮಾತು, ಒಂದು ಕೆಲಸ ಕೊಟ್ಟಿರಲಿಲ್ಲ. ನಿಜದ ಮದುವೆಯಲ್ಲಿ ತನ್ನವನೆಂದು ಇದ್ದವನು ಅವನೊಬ್ಬನೇ. ಎರಡರ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತ್ತು. ಅವಳನ್ನು ಕಿಟಕಿಗೆ ಕೂಡಿಸಿ, ಅತ್ತು ಅತ್ತು ನಿದ್ದೆಹೋದವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ರಾಯಚೂರಿನ ತನಕ ಟವೆಲು ಹಿಡಿದು ನಿಂತೇ ಬಂದಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಥೂ ನನ್ನ, ಎಂದುಕೊಂಡಳು.

ತಂಬಿಗೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಗಟ್ಟಿಯಾಗಿಯೇ ಹೇಳಿದಳು:

"ಎತ್ತಿಲ್ಲ, ಬಂಡಿಲ್ಲ, ಮಠದ ಅಂಗಳದಾಗ ಸಾಲು,
ನಲವತ್ತೊಂದು ಜೋಡಿಗೆ ಒಂದs ಕೊಪ್ಪರಿಗಿ ಹಾಲು,
ಹದಿನೇಳನೇ ನಂಬರಿಗೆ ಸಿಕ್ಕಿತು ನನ್ನ ಬಂಗಾರ,
ಅಮರೇಶಪ್ಪನೋರು ನಿಂತರ ಅದs ನನಗ ಸಿಂಗಾರ."

ಹಂಪಮ್ಮನಿಗೆ ತಡೆಯಲಾಗಲಿಲ್ಲ.

"ಸುಳ್ಳ! ನಲವತ್ತೆರಡು ಜೋಡಿ. ಹುಗ್ಗಿ ಬಡಿಸಿದಾಕಿ ನಾನು, ನನಗ ಗೊತ್ತಿಲ್ಲೇನು?"

ಹಂದರವೇ ಹಾರುವ ಹಾಗೆ ನಕ್ಕರು ಹೆಂಗಸರು. ಶಾಂಭವಿ ಮಾತ್ರ ನಗಲಿಲ್ಲ. ಅರಿಶಿಣದ ಮುಖದಲ್ಲಿ ಕಣ್ಣೆರಡು ದೊಡ್ಡದಾಗಿ ಬಿಟ್ಟುಕೊಂಡು ಅವ್ವನನ್ನೇ ನೋಡಿದಳು.

"ಹಂಗಾದ್ರ ಎತ್ತು?"

"ಇರಲಿಲ್ಲವ್ವ."

"ಸುರಗಿ?"

"ನನಗ ಯಾರು ಸುತ್ತಿದ್ರು?"

"ಅಜ್ಜ?"

"ಅವಾಗಲೇ ಇರಲಿಲ್ಲ." ಬಸಲಿಂಗಮ್ಮ ಮಗಳ ಹತ್ತಿರ ಸರಿದಳು. "ನೀ ಕೇಳಿದಿ. ಕೊಡಾಕ ನನ್ನ ಹಂತ್ಯಾಕ ಏನೂ ಇರಲಿಲ್ಲ. ನಿನಗಂತ ಕಟ್ಟಿದೆ. ಸಿಟ್ಟಾಗಬ್ಯಾಡ."

ಶಾಂಭವಿ ಅಳುತ್ತಾಳೆ ಅಂದುಕೊಂಡರೆ ಹುಡುಗಿಗೆ ನಗು ಉಕ್ಕಿ ಬಂತು, ನಗುವಿನ ಜೊತೆಗೇ ನೀರೂ ಬಂತು. "ಯವ್ವಾ ನನ್ನವ್ವ! ಆ ಕೆಂಪು ಹಸರು ಕೋಡಿಗೆ ಈ ಶೀತಲ ಎರಡು ದಿನ ತಲಿ ಕೆಡಿಸಿಕೊಂಡಾಳ!" ಎಂದವಳೇ ಮಣೆಯಿಂದೆದ್ದು, ನೂಲು ದಾಟಬಾರದೆಂದು ಒಳಗಿನಿಂದಲೇ ಕೈ ಚಾಚಿ ಅವ್ವನನ್ನು ಅಪ್ಪಿದಳು. ಇಳಕಲ್ ಸೀರೆಯ ತುಂಬ ಅರಿಶಿಣವಾಯಿತು. ಬಸಲಿಂಗಮ್ಮನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಗಿ, ಜನರಿದ್ದಾರೆನ್ನುವುದನ್ನೂ ಮರೆತು ಗಟ್ಟಿಯಾಗಿ ಅತ್ತಳು, ಗಟ್ಟಿಯಾಗಿ ನಕ್ಕಳು.

ಎತ್ತಿನ ಬಳಿಯಿದ್ದ ಅಮರೇಶಪ್ಪ ನಿಧಾನವಾಗಿ ಹಂದರದೊಳಗೆ ಬಂದ. ಹೆಂಗಸರು ದಾರಿ ಬಿಟ್ಟರು.

"ದೂರ ಇದ್ದೆ. ಯಾರ ಹೆಸರು ಹೇಳಿದಿ, ಬರೋಬರಿ ಕೇಳಲಿಲ್ಲ," ಎಂದ.

"ಎಲ್ಲಾ ಕೇಳೇತಿ ಇವಗ," ಎಂದು ಹಂಪಮ್ಮ ಗೊಣಗಿದಳು.

ಬಸಲಿಂಗಮ್ಮನ ಕೆನ್ನೆ ಬಿಸಿಯಾಯಿತು. ಪ್ರಾಸ ಯಾವುದೂ ನೆನಪಾಗಲಿಲ್ಲ. ಗಂಡನ ಮುಖ ನೋಡಿದಳು.

"ಅಮರೇಶಪ್ಪ," ಎಂದಳು.

"ಓ," ಎಂದ ಅಮರೇಶಪ್ಪ.

ಹಂಡೆಯ ನೀರು ಆರುತ್ತಿತ್ತು. ಯಾರೂ ಅವಸರ ಮಾಡಲಿಲ್ಲ.