ಆಸ್ಪತ್ರೆಯ ಒಂದು ಗೆರೆ

ಗಂಡನ ದೇಹದ ತಲೆದೆಸೆಯ ಮೇಜಿನಿಂದ ಲ್ಯಾಪ್‌ಟಾಪ್ ಎತ್ತಿಕೊಳ್ಳಲು ಹೋದ ಮೇಲಧಿಕಾರಿಯ ಕೈಯನ್ನು ಅವಳು ತಡೆದಳು.

"ಮಣ್ಣಾಗೋವರೆಗೂ ತಡೆಯೋಕಾಗಲ್ವಾ, ಸಾರ್?"

"ಇದು ಆಸ್ಪತ್ರೆದು, ಅಮ್ಮ. ನಿಮ್ಮ ಯಜಮಾನ್ರು ಒಂದು ಗೆರೆ ಎಳೆದಿದ್ರು. ಯಾಕೆ ಅಂತ ನೋಡ್ಬೇಕು."

ಆಸ್ಪತ್ರೆಯಲ್ಲಿ ವಿಭಾಗಕ್ಕೊಂದು ತಂತ್ರಾಂಶ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅವನ್ನು ಪರದೆಯ ಮೇಲೆ ಚೌಕಗಳಾಗಿ ಇಟ್ಟು, ಚೌಕದಿಂದ ಚೌಕಕ್ಕೆ ಗೆರೆ ಎಳೆದು ಬೆಸೆಯುವುದು ಅವಳ ಗಂಡನ ಇಪ್ಪತ್ತು ವರ್ಷದ ಕೆಲಸ. ಈಗ ನೋಡಿದರೆ ಯಾರೂ ಇಡಲು ಹೇಳದ ಒಂದು ಚೌಕ ಅಲ್ಲಿದೆಯಂತೆ. ರೋಗಿಗಳ ಹೆಸರು, ಫೋನ್ ನಂಬರು ಅದರೊಳಗೆ ಹೋಗುತ್ತವೆ, ಹೊರಗೆ ಬರುವುದಿಲ್ಲ.

"ನಂಬರು ಮಾರ್ಕೊಂಡ ಅಂತೀರಾ ನಮ್ಮಣ್ಣ?" ನಾದಿನಿ ಎದ್ದು ನಿಂತಳು.

"ನಾನು ಹಾಗಂದ್ನಾ? ನಿನ್ನೆ ಆ ಗೆರೆ ಅಳಿಸಿದ್ವಿ, ಅಷ್ಟೆ."

ನಾದಿನಿ ಅತ್ತಿಗೆಯ ಕಿವಿಗೆ ಬಾಗಿದಳು. "ಮೂಗಿನ ಮೇಲೆ ನೊಣ ಕೂತ್ರೂ ಓಡಿಸದವನು. ಅವನಿಗೆ ಈ ಬುದ್ಧಿ ಯಾರು ಕಲಿಸಿದ್ರೋ."

ಅನುಮಾನ ಅವಳಿಗೂ ಇತ್ತು.

*

ಅದು ಅತ್ತೆ ತೀರಿಕೊಂಡ ತಿಂಗಳು. ಒಂದು ಭಾನುವಾರ ಮಧ್ಯಾಹ್ನ ಗಂಡ ತನ್ನ ಅಮ್ಮನ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಗೆರೆ ಎಳೆಯುತ್ತಿದ್ದ. ಅವಳು ಇಣುಕಿದೊಡನೆ ಪರದೆಗೆ ಕೈ ಅಡ್ಡ ಹಿಡಿದ.

"ಏನದು?"

"ಏನಿಲ್ಲ."

"ಏನಿಲ್ಲದ್ದಕ್ಕೆ ಇಷ್ಟು ಬೆವರಾ?"

"ಕೇಳ್ಬೇಡ ಮಾರಾಯ್ತಿ. ಯಾರನ್ನೂ ಕೇಳದೆ ಮಾಡ್ತಿದೀನಿ. ಕೇಳಿದ್ರೆ ಆರು ತಿಂಗಳು ಸಭೆ ಮಾಡ್ತಾರೆ."

ಅನ್ನದೊಳಗಿನ ಕಲ್ಲಿನಂತೆ ಆ ಮಾತು ಅಂದಿನಿಂದ ಅವಳ ಹಲ್ಲಿಗೆ ಸಿಕ್ಕುತ್ತಲೇ ಇತ್ತು.

*

ಅವಳ ಕೈಯಲ್ಲಿದ್ದ ಗಂಡನ ಫೋನು ಸದ್ದು ಮಾಡಿತು. ಇನ್ನೊಬ್ಬರ ಸಂತಾಪವಿರಬೇಕೆಂದು ತೆರೆದಳು. ಆಸ್ಪತ್ರೆಯಿಂದ ಬಂದ ಸಂದೇಶ. ಸತ್ತವನ ಹೆಸರು ಬರೆದು, 'ನಾಳೆ ಬೆಳಿಗ್ಗೆ ಹತ್ತಕ್ಕೆ ಹೃದಯ ತಪಾಸಣೆ. ತಪ್ಪದೆ ಬನ್ನಿ.'

ಅವಳು ಎರಡು ಸಲ ಓದಿದಳು. ಅತ್ತೆಗೂ ಹೀಗೇ ಬರುತ್ತಿತ್ತು, ಸತ್ತ ಮೇಲೆ ಮೂರು ಸಲ. ಆ ಭಾನುವಾರದ ನಂತರ ಬರಲಿಲ್ಲ.

ಫೋನನ್ನು ಮೇಲಧಿಕಾರಿಯ ಮುಂದೆ ಹಿಡಿದಳು. "ಸಾರ್, ಆ ಚೌಕದೊಳಗೆ ಹೋದ ಹೆಸರುಗಳಲ್ಲಿ ಬದುಕಿರೋರು ಒಬ್ರಾದ್ರೂ ಇದ್ದಾರಾ?"

ಆತ ನಿಂತಲ್ಲೇ ಲ್ಯಾಪ್‌ಟಾಪ್ ತೆರೆದು ನೋಡಿದ. ಪಟ್ಟಿ ಉದ್ದವಿತ್ತು, ಪ್ರತಿ ಹೆಸರಿನ ಮುಂದೆ ಸತ್ತ ದಿನಾಂಕ. ಬೆರಳು ಕೆಳಗಿಳಿಯುತ್ತ ನಿಧಾನವಾಯಿತು.

"ಗೆರೆ ಎಲ್ಲಿಗೆ ಹೋಗುತ್ತೆ ಅಂತ ನೋಡಿದ್ವಿ," ಎಂದ, "ಯಾರ ಹೆಸರು ಅಂತ ನೋಡ್ಲಿಲ್ಲ. ಸತ್ತೋರ ಮನೆಗೆ ಸಂದೇಶ ಹೋಗದ ಹಾಗೆ ತಡೆದಿದ್ದಾರೆ."

"ನಿನ್ನೆಯಿಂದ ಎಷ್ಟು ಮನೆಗೆ ಹೋಗಿರ್ಬೋದು?"

ನಾದಿನಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಹೊರಗೆ ವಾಹನ ಬಂದು ನಿಂತಿತು. ನಾಲ್ವರು ಒಳಗೆ ಬಂದು, ಎತ್ತೋಣವೇ ಎನ್ನುವಂತೆ ಅವಳ ಮುಖ ನೋಡಿದರು.

"ಒಂದೈದು ನಿಮಿಷ ತಡೀರಪ್ಪ. ಇವರದೊಂದು ಕೆಲಸ ಬಾಕಿ ಇದೆ," ಎಂದಳು ಅವಳು.

ಮೇಜಿನ ಮೇಲಿನ ಹೂವನ್ನು ಬದಿಗೆ ಸರಿಸಿ ಜಾಗ ಮಾಡಿದಳು. ಮೇಲಧಿಕಾರಿ ಚಪ್ಪಲಿ ಕಳಚಿ, ಸತ್ತವನ ಕುರ್ಚಿಯ ಅಂಚಿನಲ್ಲಿ ಕುಳಿತ. ಪರದೆಯ ಮೇಲೆ ಒಂದು ಚೌಕದಿಂದ ಸಣ್ಣ ಗೆರೆಯೊಂದು ಹೊರಟು, ತಡವರಿಸುತ್ತ, ಸತ್ತವರ ಹೆಸರಿನ ಆ ಚೌಕದ ಕಡೆಗೆ ಬೆಳೆಯತೊಡಗಿತು.